ಹೋಟೆಲ್ ಮುದ್ದೆ ಯಾರ ಹೊಲದ್ದು?

ರಾಗಿ ಒಕ್ಕಣೆ ಮುಗೀತು, ಅವರೆ ಕೊಯ್ಲು ನಡೀತಾ ಇದೆ, ಅದಕ್ಕೇ ಇಲ್ಲಿ ಬರೆಯೋದು ತಡ ಆಯ್ತು. ಇವತ್ತು ಬರೀತಿರೋದು ಬೆಳೆ ವಿಷಯ ಅಲ್ಲ, ಊಟದ ವಿಷಯ. ಹೋಟೆಲ್ ಊಟದ ವಿಷಯ. ಆದರೂ ಸುತ್ತಿ ಸುತ್ತಿ ಹೊಲಕ್ಕೇ ಬರುತ್ತೆ. ಉದ್ದ ಇದೆ, ಪುರುಸೊತ್ತಾದಾಗ ಓದಿ.

ಯಲಹಂಕದಿಂದ ದೊಡ್ಡಬಳ್ಳಾಪುರ ರೋಡಲ್ಲಿ ರಾಜಾನುಕುಂಟೆ ಕಡೆ ಬರೋರಿಗೆ ಗೊತ್ತು, ಎರಡೂ ಪಕ್ಕ 'ನಾಟಿ ಸ್ಟೈಲ್' ಬೋರ್ಡುಗಳು. ಹಳ್ಳಿ, ಮನೆ, ತೋಟ, ಅಜ್ಜಿ, ಇಷ್ಟರಲ್ಲಿ ಒಂದಾದರೂ ಹೆಸರಲ್ಲಿ ಇರಲೇಬೇಕು. ಹೊರಗಡೆ ಒಂದು ಎತ್ತಿನ ಗಾಡಿ ಚಕ್ರ, ಒಂದು ಒರಳುಕಲ್ಲು. ನಮ್ಮೂರಿನ ಎಷ್ಟೋ ಒರಳುಕಲ್ಲು ಈಗ ಹಿತ್ತಲು ಬಿಟ್ಟು ಹೋಟೆಲ್ ಬಾಗಿಲಲ್ಲಿ ಕೂತಿವೆ. ವಾರದ ಕೊನೆಗೆ ಬೆಂಗಳೂರಿಂದ ಕಾರುಗಳು ಸಾಲಾಗಿ ಬರ್ತವೆ. 'ಲೋಕಲ್', 'ಹೊಲದಿಂದ ತಟ್ಟೆಗೆ' ಅಂತೆಲ್ಲ ಬರೆದಿರ್ತಾರೆ. ನಮ್ಮ ಹೊಲ ಆ ಬೋರ್ಡಿಂದ ನಾಲ್ಕು ಕಿಲೋಮೀಟರ್. ಈ ಹತ್ತು ವರ್ಷದಲ್ಲಿ ಅಂಥ ಒಂದು ಹೋಟೆಲಿನವರೂ ನಮ್ಮ ಬದುಕಿಗೆ ಬಂದು "ಏನ್ ಬೆಳೆದಿದ್ದೀರಿ" ಅಂತ ಕೇಳಿದ್ದಿಲ್ಲ.

ಹೋದ ತಿಂಗಳು ಒಬ್ಬರು ಬಂದರು. ಹೆಸರು ಬೇಡ, ಅವರ ವ್ಯಾಪಾರ ಅವರದು. ನಲವತ್ತು ವಯಸ್ಸಿರಬಹುದು, ಹೋಟೆಲ್ ಮಾಡಿ ಆರು ವರ್ಷ. "ಅಣ್ಣ, ನಿಮ್ಮ ರಾಗಿ ಬೇಕು, ಅವರೆಕಾಯಿ ಬೇಕು, ಸೊಪ್ಪು ಬೇಕು. ವರ್ಷಪೂರ್ತಿ" ಅಂದರು. ಇದ್ದಕ್ಕಿದ್ದ ಹಾಗೆ ಯಾಕಪ್ಪ ಅಂತ ಕೇಳಿದೆ.

ಅವರು ಹೇಳಿದ ಕಾರಣ ನನಗೆ ಹೊಸದು. ಏರ್ ಶೋ! ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಂದು ಸಲ ವಿಮಾನ ಪ್ರದರ್ಶನ ನಡೆಯುತ್ತಲ್ಲ, ಆಗ ಸುತ್ತಮುತ್ತ ಮಾಂಸ ಮಾರೋ ಹಾಗಿಲ್ಲ, ಹೋಟೆಲಲ್ಲಿ ಬಡಿಸೋ ಹಾಗೂ ಇಲ್ಲ. ಬಿಸಾಕಿದ ಮಾಂಸಕ್ಕೆ ಹದ್ದುಗಳು ಬರ್ತವೆ, ಹದ್ದು ವಿಮಾನಕ್ಕೆ ಬಡಿದರೆ ಅನಾಹುತ. 2025ರಲ್ಲಿ ವಾಯುನೆಲೆಯ ಸುತ್ತ 13 ಕಿಲೋಮೀಟರ್, ಜನವರಿ 23ರಿಂದ ಫೆಬ್ರವರಿ 17ರವರೆಗೆ ನಿಷೇಧ. ಪ್ರದರ್ಶನ ಐದೇ ದಿನ, ಕೋಳಿ ಸಾರಿಗೆ ರಜ 26 ದಿನ. ನಾಟಿ ಕೋಳಿ ನಂಬಿಕೊಂಡು ಹೋಟೆಲ್ ಇಟ್ಟವರ ಗತಿ ಏನಾಗಬೇಕು? ಹಲವರು ಬಾಗಿಲು ಹಾಕ್ಕೊಂಡು ಊರಿಗೆ ಹೋದರಂತೆ. ಇವರಿಗೆ ಬಾಡಿಗೆ ಕಟ್ಟಬೇಕು, ಆರು ಜನ ಕೆಲಸದವರಿಗೆ ಸಂಬಳ ಕೊಡಬೇಕು. ಸರಿ, ಅವರೆ ಕಾಲ ಅಲ್ವಾ ಅಂತ ಹಿತಕಿದ ಬೇಳೆ ಸಾರು, ಮಸ್ಸೊಪ್ಪು, ಉಪ್ಸಾರು ಮಾಡಿ ಮುದ್ದೆ ಇಟ್ಟರು. ಮೊದಲ ವಾರ ನೊಣ ಹೊಡೆದರಂತೆ. ಎರಡನೇ ವಾರದಿಂದ ಜನ ಬಂದರು. ಮೂರನೇ ವಾರ ಬೇಳೆ ಸಾರು ಮಧ್ಯಾಹ್ನ ಎರಡು ಗಂಟೆಗೇ ಖಾಲಿ. "ಅಣ್ಣ, ಆರು ವರ್ಷ ಕೋಳಿ ಬೇಯಿಸಿ ಗೊತ್ತಾಗದೇ ಇದ್ದಿದ್ದು ಆ 26 ದಿನದಲ್ಲಿ ಗೊತ್ತಾಯ್ತು. ಬರೋರಲ್ಲಿ ಅರ್ಧ ಜನ ಸಾರಿಗೆ ಬರ್ತಾರೆ" ಅಂದರು.

ಮಾತು ನನಗೆ ಹಿಡಿಸ್ತು. ಒಪ್ಪೋಣ ಅಂತಿದ್ದೆ, ಒಳಗಿಂದ ನಮ್ಮನೆಯವಳು, "ಅವರ ಹೋಟೆಲಲ್ಲಿ ಒಂದು ಊಟ ಮಾಡಿ ಆಮೇಲೆ ಮಾತು ಕೊಡಿ. ನಮ್ಮ ಅವರೆಕಾಳನ್ನ ಎಂಥಾ ಪಾತ್ರೆಗೆ ಹಾಕ್ತಾರೋ ನೋಡಬಾರದಾ?" ಅಂದಳು. ಹೆಣ್ಣು ಕೊಡೋ ಮನೆ ನೋಡೋಕೆ ಹೋಗೋ ಹಾಗೆ ಹೇಳಿದಳು. ಅವರೂ ನಕ್ಕು, "ಬನ್ನಿ ಅಕ್ಕ, ಭಾನುವಾರ ಎರಡೂವರೆ ಮೇಲೆ ಬನ್ನಿ, ರಶ್ ಇರಲ್ಲ" ಅಂದರು.

ಭಾನುವಾರ ಹೋದ್ವಿ. ನಾನು, ನಮ್ಮನೆಯವಳು, ನಮ್ಮಕ್ಕನ ಮಗ. ಅವನು ಮಾನ್ಯತಾ ಟೆಕ್ ಪಾರ್ಕಲ್ಲಿ ಕೆಲಸ ಮಾಡ್ತಾನೆ, ಆರ್.ಟಿ. ನಗರದಲ್ಲಿ ಮನೆ, ರಜ ಬಂದರೆ ಹೊಲಕ್ಕೆ ಬರ್ತಾನೆ. ಸ್ಪೇನಿಗೆ ಕಂಪನಿ ಕೆಲಸದ ಮೇಲೆ ಹೋಗಿ ಬಂದು ಇನ್ನೂ ಎರಡು ತಿಂಗಳಾಗಿಲ್ಲ. ಅವನ ಮಾತು ಆಮೇಲೆ ಬರುತ್ತೆ.

ಮೊದಲು ಮುದ್ದೆ ಬಂತು. ನಮ್ಮನೆಯವಳು ಬೆರಳಲ್ಲಿ ಒತ್ತಿ ನೋಡಿದಳು. ಗಂಟಿಲ್ಲ, ಹೊಳಪಿದೆ, ಚೆನ್ನಾಗಿ ತಿರುವಿದ್ದಾರೆ. ಮೊದಲ ತುತ್ತು ಸಾರಲ್ಲಿ ಅದ್ದಿ ನುಂಗಿದಳು. ಎರಡನೇ ತುತ್ತನ್ನ ಬೇಕಂತಲೇ ಹಲ್ಲಿಗೆ ಕೊಟ್ಟಳು. ಕಟುಕ್. "ಕಲ್ಲು" ಅಂದಳು, ಅಷ್ಟೇ. ಮುದ್ದೆ ನುಂಗೋ ಊಟ, ಅಗಿಯೋದಲ್ಲ, ಅದಕ್ಕೇ ಸಣ್ಣ ಕಲ್ಲು ಎಷ್ಟೋ ಜನಕ್ಕೆ ಗೊತ್ತೇ ಆಗಲ್ಲ. ನಮಗೆ ಗೊತ್ತಾಗುತ್ತೆ, ಯಾಕೆಂದರೆ ಕಲ್ಲು ಎಲ್ಲಿಂದ ಬರುತ್ತೆ ಅಂತ ಗೊತ್ತು. ಸಗಣಿ ಬಗ್ಗಡದಲ್ಲಿ ಸಾರಿಸಿದ ಕಣ ಈಗ ಎಲ್ಲಿದೆ ಹೇಳಿ? ಡಿಸೆಂಬರ್ ಜನವರಿಯಲ್ಲಿ ನಮ್ಮ ತಾಲ್ಲೂಕು, ದೊಡ್ಡಬಳ್ಳಾಪುರ, ನೆಲಮಂಗಲ ಕಡೆ ಯಾವ ಟಾರ್ ರೋಡಿಗೆ ಹೋದರೂ ರಾಗಿ ತೆನೆ ಹರಡಿರುತ್ತೆ, ಬಸ್ಸು ಕಾರು ಅದರ ಮೇಲೆ ಓಡಾಡಿ ಒಕ್ಕಣೆ ಮಾಡ್ತವೆ. ಬೈಕಿನವರು ಜಾರಿ ಬೀಳೋದೂ ಉಂಟು. ರೈತನ್ನ ಬೈಯೋದು ಸುಲಭ. ಕಣಕ್ಕೆ ಜಾಗ ಇಲ್ಲ, ಎತ್ತಿಲ್ಲ, ರೋಣಗಲ್ಲು ಹೋಟೆಲ್ ಮುಂದೆ ಇದೆ!

"ರಾಗಿ ಎಲ್ಲಿಂದ ತರ್ತೀರಿ?" ಅಂದೆ. ಯಶವಂತಪುರ ಯಾರ್ಡ್ ಕಡೆಯ ಒಂದು ಅಂಗಡಿಯಿಂದ ಹಿಟ್ಟಿನ ಚೀಲವೇ ಬರುತ್ತಂತೆ. ಯಾವ ಊರ ರಾಗಿ? ಅದು ಅವರಿಗೂ ಗೊತ್ತಿಲ್ಲ, ಅಂಗಡಿಯವರಿಗೂ ಗೊತ್ತಿರಲಿಕ್ಕಿಲ್ಲ. ತುಮಕೂರಿಂದಿರಬಹುದು, ಹಾಸನದ್ದಿರಬಹುದು, ಕೃಷ್ಣಗಿರಿ ಕಡೆಯದೂ ಇರಬಹುದು. ಚೀಲಕ್ಕೆ ಬಿದ್ದ ಮೇಲೆ ರಾಗಿಗೆ ಊರಿಲ್ಲ. ನನಗೆ ಬೇಜಾರಾಗಿದ್ದು ಬೇರೆ ಕಾರಣಕ್ಕೆ. ಇಡೀ ದೇಶಕ್ಕೆ ರಾಗಿ ಕಲಿಸಿದ ಜಾಗ ಆ ಹೋಟೆಲಿಂದ ಇಪ್ಪತ್ತು ಕಿಲೋಮೀಟರ್ ಒಳಗಿದೆ. ಹೆಬ್ಬಾಳದಲ್ಲಿ 1899ರಲ್ಲಿ ಮೈಸೂರು ಸಂಸ್ಥಾನದವರು 30 ಎಕರೆಯಲ್ಲಿ ಶುರು ಮಾಡಿದ ಪ್ರಯೋಗದ ಹೊಲವೇ ಬೆಳೆದು ಬೆಳೆದು ಈಗಿನ ಜಿಕೆವಿಕೆ ಆಗಿರೋದು. ಲಕ್ಷ್ಮಣಯ್ಯನವರು ನಮ್ಮ ರಾಗಿಗೂ ಆಫ್ರಿಕಾದ ರಾಗಿಗೂ ಸಂಬಂಧ ಬೆಳೆಸಿ ಇಂಡಾಫ್ ತಳಿಗಳನ್ನ ಮಾಡಿದರು. ಇಂಡಿಯಾ, ಆಫ್ರಿಕಾ, ಎರಡೂ ಸೇರಿ ಇಂಡಾಫ್. ಆಮೇಲೆ ಬಂದ ಜಿಪಿಯು-28 ಬೆಂಕಿ ರೋಗಕ್ಕೆ ಜಗ್ಗದ ತಳಿ, ನಮ್ಮ ಕಡೆ ಇವತ್ತಿಗೂ ಅದನ್ನೇ ನಂಬಿರೋರು ಜಾಸ್ತಿ. ನಮ್ಮದು ಈ ಸಲ ಅರ್ಧ ಜಿಪಿಯು-28, ಅರ್ಧ ಎಂಎಲ್-365. ಇಷ್ಟೆಲ್ಲ ಇಟ್ಟುಕೊಂಡು ನಮ್ಮ ರೋಡಿನ ಮುದ್ದೆಗೆ ವಿಳಾಸ ಇಲ್ಲದ ಹಿಟ್ಟು.

ಆಮೇಲೆ ಕೋಳಿ ಸಾರು. ಬಣ್ಣ ಚೆನ್ನಾಗಿತ್ತು, ಖಾರ ಹದವಾಗಿ ರುಬ್ಬಿದ್ದರು, ಕೊತ್ತಂಬರಿ ಬೀಜದ ವಾಸನೆ ಮುಂದಾಗಿ ಬರ್ತಿತ್ತು. ನನ್ನ ಪ್ರಕಾರ ಊಟದಲ್ಲಿ ಅದೇ ಒಳ್ಳೇದು. ಆದರೆ ಮೂಳೆ ನೋಡಿದರೆ ಗೊತ್ತಾಗುತ್ತಲ್ಲ. ಹಿತ್ತಲಲ್ಲಿ ಕೆದಕಿ ತಿಂದ ಕೋಳಿ ಮೂಳೆ ಅಷ್ಟು ಸುಲಭಕ್ಕೆ ಬಿಡಲ್ಲ, ತೊಡೆ ಅಷ್ಟು ದಪ್ಪ ಇರಲ್ಲ. ಸುಮ್ಮನೆ ಅವರ ಮುಖ ನೋಡಿದೆ. ಅವರೇ ಹೇಳಿಬಿಟ್ಟರು, "ಗಿರಿರಾಜ ಅಣ್ಣ. ನಿಜವಾದ ನಾಟಿ ಕೋಳಿ ದಿನಕ್ಕೆ ಇಪ್ಪತ್ತು ಕೇಳಿದರೆ ಯಾರ ಹತ್ರ ಇದೆ? ನಿಮ್ಮೂರಲ್ಲಿ ಇದೆಯಾ?" ಇಲ್ಲ. ನಮ್ಮೂರಲ್ಲಿ ಒಟ್ಟು ಲೆಕ್ಕ ಹಾಕಿದರೂ ವಾರಕ್ಕೆ ಇಪ್ಪತ್ತು ಕೋಳಿ ಹೊರಡಲ್ಲ, ಹಬ್ಬ ಬಂದರೆ ಅದೂ ಇಲ್ಲ.

ಆದರೆ ಇಲ್ಲೊಂದು ತಮಾಷೆ ಇದೆ. ಗಿರಿರಾಜ ಎಲ್ಲಿಯ ಕೋಳಿ? ಹೆಬ್ಬಾಳದ್ದೇ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನವರು ಹಳ್ಳಿ ಹೆಂಗಸರ ಹಿತ್ತಲಿಗೆ ಅಂತಲೇ ಮಾಡಿದ ತಳಿ. ನೋಡೋಕೆ ನಾಟಿ ಥರ ಬಣ್ಣ ಬಣ್ಣ, ತೂಕ ಜಾಸ್ತಿ, ಮೊಟ್ಟೆ ಜಾಸ್ತಿ. ಆಮೇಲೆ ಸ್ವರ್ಣಧಾರವೂ ಅಲ್ಲಿಂದಲೇ ಬಂತು. ತಟ್ಟೆಯಲ್ಲಿದ್ದಿದ್ದರಲ್ಲಿ ಹುಟ್ಟೂರು ಗ್ಯಾರಂಟಿ ಗೊತ್ತಿದ್ದಿದ್ದು ಆ ಕೋಳಿಗೇ! ಬೋರ್ಡಲ್ಲಿ 'ನಾಟಿ' ಅಂತ ಬರೆಯೋ ಬದಲು 'ಹೆಬ್ಬಾಳದ ಗಿರಿರಾಜ' ಅಂತ ಬರೀರಿ, ಸುಳ್ಳೂ ಆಗಲ್ಲ, ಮರ್ಯಾದೆಯೂ ಇರುತ್ತೆ ಅಂದೆ. "ಯಾರಣ್ಣ ಬರ್ತಾರೆ?" ಅಂದರು. ಬರ್ತಾರೆ ಅಂತ ನನ್ನ ಅಭಿಪ್ರಾಯ. ಓದೋ ನೀವು ಹೇಳಿ.

ಅನ್ನ ಸೋನಾ ಮಸೂರಿ, ತುಂಗಭದ್ರಾ ನಾಲೆ ಕೆಳಗಿನದು, ಅದಕ್ಕೆ ನನ್ನ ತಕರಾರಿಲ್ಲ. ಭತ್ತ ಬೆಳೆಯೋ ನೀರು ನಮ್ಮಲ್ಲಿಲ್ಲ. ತೆಂಗಿನಕಾಯಿ ತುಮಕೂರಿನದು, ಟೊಮ್ಯಾಟೊ ಕೋಲಾರದ್ದು. ಎಲ್ಲವೂ ನಾಲ್ಕು ಕಿಲೋಮೀಟರ್ ಒಳಗೇ ಬೆಳೀಬೇಕು ಅನ್ನೋ ಹಟ ನನಗಿಲ್ಲ. ಯಾವುದು ಇಲ್ಲೇ ಚೆನ್ನಾಗಿ ಬರುತ್ತೋ ಅದಾದರೂ ಇಲ್ಲಿಯದಾಗಲಿ ಅಂತ ಮಾತ್ರ.

ಸೊಪ್ಪಿನ ಪಲ್ಯ ಬಂದಾಗ ನಮ್ಮನೆಯವಳು ಮುಟ್ಟಲಿಲ್ಲ. "ಇದು ಯಾವ ನೀರಿನ ಸೊಪ್ಪು?" ಅಂದಳು. ಬೆಳಗ್ಗೆ ಟೆಂಪೋದಲ್ಲಿ ಬರುತ್ತೆ ಅಂದರು, ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಬೆಂಗಳೂರಿಗೆ ಹತ್ತಿರ ಬೆಳೆದಿದ್ದು ಅಂದಾಕ್ಷಣ ಒಳ್ಳೇದು ಅಂತ ತಿಳಿಯೋದು ಪೇಟೆಯವರ ನಂಬಿಕೆ. ಊರಿನ ಮೋರಿ ನೀರು ಹರಿದು ಹೋಗೋ ಕಾಲುವೆ ಪಕ್ಕದಲ್ಲಿ ಎಷ್ಟು ಸೊಂಪಾಗಿ ದಂಟು ಬೆಳೆಯುತ್ತೆ ಅಂತ ನಾವು ನೋಡಿದ್ದೀವಿ. ಲೋಕಲ್ ಅಂದರೆ ಅದೂ ಲೋಕಲ್ಲೇ. ದೂರ ಎಷ್ಟು ಅಂತ ಕೇಳೋಕಿಂತ ಮೊದಲು ನೀರು ಯಾವುದು ಅಂತ ಕೇಳಬೇಕು.

ಕೊನೆಗೆ ಅವರೆ ಸಾರು. ಕಾಳು ದಪ್ಪ, ಬೆಂದಿದೆ, ಉಪ್ಪು ಖಾರ ಸರಿ ಇದೆ. ಸೊಗಡಿಲ್ಲ. ಜನವರಿ ತಿಂಗಳಲ್ಲಿ, ಬೀದಿ ತುಂಬ ಅವರೆಕಾಯಿ ಸಿಪ್ಪೆ ಬಿದ್ದಿರೋ ಕಾಲದಲ್ಲಿ, ಸೊಗಡಿಲ್ಲದ ಅವರೆ! ಕೇಳಿದರೆ ಬಿಡಿಸಿದ ಕಾಳು ಚೀಲದಲ್ಲಿ ಬರುತ್ತಂತೆ, ವರ್ಷದ ಎಲ್ಲ ದಿನವೂ ಬರುತ್ತಂತೆ.

ಈ ವರ್ಷಪೂರ್ತಿ ಅವರೆಯ ಕಥೆಯೂ ಹೆಬ್ಬಾಳದ್ದೇ. ನಮ್ಮ ಹಳೇ ಅವರೆ ಇದೆಯಲ್ಲ, ಅದಕ್ಕೆ ಹಗಲಿನ ಲೆಕ್ಕ ಗೊತ್ತು. ಜೂನಲ್ಲಿ ಬಿತ್ತಿ, ಆಗಸ್ಟಲ್ಲಿ ಬಿತ್ತಿ, ಹಗಲು ಕಿರಿದಾಗೋವರೆಗೂ ಬಳ್ಳಿ ಹಬ್ಬುತ್ತಾ ಇರುತ್ತೆ, ಹೂ ಬಿಡಲ್ಲ. ಚಳಿ ಶುರುವಾಗಿ ಮಂಜು ಬಿದ್ದರೆ ಹೂವು, ಸಂಕ್ರಾಂತಿ ಹೊತ್ತಿಗೆ ಕಾಯಿ. ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ಅಂತ ಬಂದ ತಳಿಗಳಿಗೆ ಆ ಹಂಗಿಲ್ಲ. ನೀರಿದ್ದರೆ ಯಾವಾಗ ಬಿತ್ತಿದರೂ ಮೂರು ಮೂರೂವರೆ ತಿಂಗಳಲ್ಲಿ ಕೊಯ್ಲು. ರೈತನಿಗೆ ಅದರಿಂದ ಒಳ್ಳೇದೇ ಆಯ್ತು, ಬೇಸಿಗೆಯಲ್ಲಿ ಬೆಲೆ ಸಿಗುತ್ತೆ, ನಾನೂ ಬೋರ್‌ವೆಲ್ ಕೆಳಗೆ ಅರ್ಧ ಎಕರೆ ಹಾಕಿದ್ದುಂಟು. ಆದರೆ ಸೊಗಡು ನಮ್ಮ ಹಳೇದರಷ್ಟು ಬರಲ್ಲ. ಸೊಗಡವರೆ ಕೊಯ್ದ ಕೈ ಸಾಯಂಕಾಲ ಸೋಪು ಹಾಕಿದರೂ ಘಮ್ ಅನ್ನುತ್ತೆ, ಅಂಟು ಅಂಟಾಗಿರುತ್ತೆ. ಮಾರ್ಕೆಟ್ಟಲ್ಲಿ ಮುದುಕರು ಬೆಲೆ ಕೇಳೋಕೆ ಮೊದಲು ಕಾಯಿ ಮೂಸಿ ನೋಡೋದು ಅದಕ್ಕೇ.

"ಅಣ್ಣ, ಜನಕ್ಕೆ ಜೂನಲ್ಲೂ ಹಿತಕಿದ ಬೇಳೆ ಬೇಕು. ಇಲ್ಲ ಅಂದರೆ ಪಕ್ಕದ ಹೋಟೆಲಿಗೆ ಹೋಗ್ತಾರೆ" ಅಂದರು ಯಜಮಾನರು. ಆಗ ನಮ್ಮಕ್ಕನ ಮಗ ಬಾಯಿ ಬಿಟ್ಟ.

ಸ್ಪೇನಲ್ಲಿ ಅವನ ಆಫೀಸಿನವರು ಒಂದು ಭಾನುವಾರ ಸೆಗೋವಿಯಾ ಅನ್ನೋ ಊರ ಕಡೆ ಹಳ್ಳಿಗೆ ಕರೆದುಕೊಂಡು ಹೋಗಿದ್ದರಂತೆ. ಮ್ಯಾಡ್ರಿಡ್ಡಿಂದ ಅದು ನಮಗೆ ಚಿಕ್ಕಬಳ್ಳಾಪುರ ಇದ್ದ ಹಾಗೆ, ಸ್ವಲ್ಪ ದೂರ ಜಾಸ್ತಿ. ಕಲ್ಲಿನ ಮನೆ, ಎಂಟು ಮೇಜು, ಮೆನು ಕಾರ್ಡಿಲ್ಲ. ಬಾಗಿಲ ಹತ್ತಿರ ಕರಿಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಷ್ಟೇ ಅವತ್ತಿನ ಊಟ. ಮೊದಲಿಗೆ ಎರಡರಲ್ಲಿ ಒಂದು, ಆಮೇಲೆ ಎರಡರಲ್ಲಿ ಒಂದು, ಕೊನೆಗೆ ಸಿಹಿ, ಬ್ರೆಡ್ಡು, ವೈನು ಎಲ್ಲ ಸೇರಿ ಒಂದೇ ರೇಟು. 'ಮೆನು ದೆಲ್ ದಿಯಾ' ಅಂತಾರಂತೆ, ಇವತ್ತಿನ ಊಟ ಅಂತ ಅರ್ಥ. 1960ರ ದಶಕದಲ್ಲಿ ಅಲ್ಲಿನ ಸರ್ಕಾರ ಪ್ರವಾಸಿಗರಿಗೆ ಒಂದು ನಿಗದಿ ಬೆಲೆ ಊಟ ಇಡಲೇಬೇಕು ಅಂತ ಕಾನೂನು ಮಾಡಿತ್ತಂತೆ, ಅದು ಹಾಗೇ ಕೂಲಿಯವರಿಂದ ಆಫೀಸಿನವರವರೆಗೆ ಎಲ್ಲರ ಮಧ್ಯಾಹ್ನದ ಊಟ ಆಗೋಯ್ತು.

ಇವನಿಗೆ ಅವತ್ತು ಸಿಕ್ಕಿದ್ದು ಏನು ಗೊತ್ತಾ? ಅವರೆಕಾಳಿಗಿಂತ ದಪ್ಪ ಇರೋ ಬಿಳೀ ಕಾಳಿನ ಸಾರು. ಪಕ್ಕದಲ್ಲೇ ಲಾ ಗ್ರಾಂಹಾ ಅನ್ನೋ ಊರು, ಆ ಊರ ಹೆಸರಿಂದಲೇ ಆ ಕಾಳನ್ನ ಕರೀತಾರೆ, ನಾವು ಮಾಗಡಿ ಅವರೆ ಅನ್ನೋ ಹಾಗೆ. ಊರಿನ ಹೆಸರಿರೋದಕ್ಕೆ ಬೆಲೆ ಜಾಸ್ತಿ, ಜನ ಕೇಳಿ ತಿಂತಾರೆ. "ಮಾವ, ಅಲ್ಲಿ ಪಕ್ಕದ ಮೇಜಲ್ಲಿ ಕೂತಿದ್ದ ಅಜ್ಜ ಒಂದು ಚಮಚ ಬಾಯಿಗೆ ಹಾಕ್ಕೊಂಡು ಹೋಟೆಲಿನಾಕೆ ಜೊತೆ ಏನೋ ಜಗಳಕ್ಕೆ ನಿಂತ. ನಮ್ಮ ಆಫೀಸಿನವನು ಆಮೇಲೆ ಹೇಳಿದ, ಇದು ಹೋದ ವರ್ಷದ ಕಾಳು, ಹೊಸದು ಯಾಕೆ ಹಾಕಿಲ್ಲ ಅಂತ ಕೇಳ್ತಿದ್ದಾನೆ ಅಂತ" ಅಂದ. ನಮ್ಮನೆಯವಳು ಆ ಅಜ್ಜನ ಕಥೆ ಕೇಳಿ ಖುಷಿಯಾದಳು. ಸ್ಪೇನಿನ ಬಗ್ಗೆ ಅವಳಿಗೆ ನೆನಪಿರೋದು ಈಗ ಅದೊಂದೇ.

"ಹಾಗೆ ಒಂದು ಹಲಗೆ ಇಡಿ, ಕಾರ್ಡ್ ಎಸೆದುಬಿಡಿ" ಅಂತ ಇವನು ಯಜಮಾನರಿಗೆ ಹೇಳಿದ. ಅವರು ಕೋಪ ಮಾಡಿಕೊಳ್ಳಲಿಲ್ಲ. "ಸಹಕಾರ ನಗರದಿಂದ ಒಂದು ಫ್ಯಾಮಿಲಿ ಬರುತ್ತೆ ಸಾರ್. ಅಪ್ಪನಿಗೆ ಮುದ್ದೆ, ಅಮ್ಮನಿಗೆ ಚಪಾತಿ, ಮಗೂಗೆ ಘೀ ರೈಸ್, ತಾತನಿಗೆ ಮೊಸರನ್ನ. ಮೂರೇ ಐಟಂ ಇದೆ ಅಂದರೆ ಕಾರ್ ತಿರುಗಿಸ್ಕೊಂಡು ಹೋಗ್ತಾರೆ. ಹೋಗೋದಲ್ದೆ ಮೊಬೈಲಲ್ಲಿ ಒಂದು ಸ್ಟಾರ್ ಕೊಟ್ಟು ಹೋಗ್ತಾರೆ. ಪಾರ್ಸಲ್ ಆ್ಯಪಿನಲ್ಲಿ ಪಟ್ಟಿ ದಿನಾ ಬದಲಾಯಿಸ್ತಾ ಕೂರೋಕೆ ನನ್ನ ಹತ್ರ ಯಾರಿದ್ದಾರೆ?" ಅಂದರು. ಇದು ಕುಂಟು ನೆಪ ಅಲ್ಲ. ಸೆಗೋವಿಯಾದ ಹಳ್ಳಿಯಾಕೆಗೆ ಎಂಟು ಮೇಜು, ಸ್ವಂತ ಮನೆ. ಇವರದು ಬಾಡಿಗೆ ಶೆಡ್ಡು, ನಲವತ್ತು ಮೇಜು. ಮುದ್ದೆ ತಿರುವೋ ಆಳು ಒಂದು ದಿನ ಬರಲಿಲ್ಲ ಅಂದರೆ ಯಜಮಾನರೇ ಮುದ್ದೆ ಕೋಲು ಹಿಡಿಯೋದಂತೆ. ಅಂಗೈ ತೋರಿಸಿದರು, ದಪ್ಪ ದಪ್ಪ ಗುಳ್ಳೆ ಒಣಗಿತ್ತು. ನಮ್ಮ ಕೈಯೂ ಅವರ ಕೈಯೂ ಅಂಥ ವ್ಯತ್ಯಾಸ ಇರಲಿಲ್ಲ.

ತಟ್ಟೆ ಎತ್ತಿದ ಮೇಲೆ ಲೆಕ್ಕಕ್ಕೆ ಕೂತ್ವಿ. ಬಿಲ್ ಪುಸ್ತಕದ ಹಿಂದೆ ಬರೆದ ಲೆಕ್ಕ, ನೀವೂ ನೋಡಿ.

ಭಾನುವಾರ ಜಾಸ್ತಿ, ಸೋಮವಾರ ಕಮ್ಮಿ, ಸರಾಸರಿ ದಿನಕ್ಕೆ 250 ಮುದ್ದೆ ಹೋಗುತ್ತೆ. ಒಂದು ಕೆಜಿ ಹಿಟ್ಟಿಗೆ ಹತ್ತು ಮುದ್ದೆ, ಹೋಟೆಲ್ ಸೈಜು. ಅಲ್ಲಿಗೆ ದಿನಕ್ಕೆ 25 ಕೆಜಿ ರಾಗಿ. ವರ್ಷಕ್ಕೆ ಐದು ದಿನ ರಜ ಬಿಟ್ಟು 360 ದಿನ ಅಂದರೆ 90 ಕ್ವಿಂಟಾಲ್. ಮಳೆ ನಂಬಿ ಬೆಳೆಯೋ ರಾಗಿ ನಮ್ಮ ಕಡೆ ಒಳ್ಳೇ ವರ್ಷದಲ್ಲಿ ಎಕರೆಗೆ ಹತ್ತು ಕ್ವಿಂಟಾಲ್. ಒಂದು ಹೋಟೆಲಿಗೆ ಒಂಬತ್ತು ಎಕರೆ! ನನ್ನ ಸ್ವಂತ ಹೊಲ ಎರಡು ಎಕರೆ, ಗುತ್ತಿಗೆ ಮೂರು ಎಕರೆ. ಈ ವರ್ಷ ಐದಕ್ಕೂ ಸೇರಿ 46 ಕ್ವಿಂಟಾಲ್ ಬಂತು. ಅದರಲ್ಲಿ ಮನೆಗೆ, ಬಿತ್ತನೆಗೆ, ನೆಂಟರಿಗೆ ಅಂತ ಆರು ಎತ್ತಿಟ್ಟೆ. ಹತ್ತು ಪ್ರತಿವರ್ಷ ತಗೊಳ್ಳೋ ಮನೆಗಳಿಗೆ, ಅವರನ್ನ ಬಿಡೋಕಾಗಲ್ಲ. ಉಳಿದ 30 ಕ್ವಿಂಟಾಲ್ ಇವರಿಗೆ ನಾಲ್ಕೇ ತಿಂಗಳು.

ನಾಲ್ಕು ಕಿಲೋಮೀಟರ್ ರೋಡಲ್ಲಿ ಅಂಥ ಹೋಟೆಲು ಎಷ್ಟಿವೆ ಅಂತ ನಾನು ಎಣಿಸಿಲ್ಲ. ಎಣಿಸೋದು ಬೇಡ ಅನ್ನಿಸ್ತು.

ಬೆಲೆ ಮಾತು ಬೇಗ ಮುಗೀತು. 2025-26ರ ಸಾಲಿನ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ ಇತ್ತು. ಖರೀದಿ ಕೇಂದ್ರಕ್ಕೆ ಹಾಕಿದ್ದರೆ ಅಷ್ಟು ಬರ್ತಿತ್ತು, ಕಾಯಬೇಕಿತ್ತು. ಇವರು 5,200 ಅಂದರು. ಕಲ್ಲು ಮಣ್ಣು ತೆಗೆದು, ಜರಡಿ ಹಿಡಿದು ಕೊಡಬೇಕು, ದುಡ್ಡು ಚೀಲ ಇಳಿಸಿದ ದಿನವೇ. ತಿಂಗಳ ಕೊನೆಗೆ ಅನ್ನೋ ಮಾತು ನನಗಾಗಲ್ಲ ಅಂತ ಮೊದಲೇ ಹೇಳಿದೆ. ಹಿಟ್ಟಲ್ಲ, ರಾಗಿನೇ ಕೊಡ್ತೀನಿ, ವಾರವಾರ ನೀವು ಬೀಸಿಸಿಕೊಳ್ಳಿ, ಹಳೇ ಹಿಟ್ಟು ಮುಗ್ಗಲು ವಾಸನೆ ಬರುತ್ತೆ ಅಂದೆ. ಒಪ್ಪಿದರು. ಒಂದು ಕೆಜಿ ರಾಗಿಗೆ ನನಗೆ 52 ರೂಪಾಯಿ. ಅದೇ ಕೆಜಿಯಲ್ಲಿ ಹತ್ತು ಮುದ್ದೆ, ಎಕ್ಸ್‌ಟ್ರಾ ಮುದ್ದೆಗೆ ಅವರ ರೇಟು 25, ಅಂದರೆ 250. ಕೆಲವರು ಇದನ್ನ ನೋಡಿ ಮೋಸ ಅಂತ ಕಾಮೆಂಟ್ ಹಾಕ್ತೀರಿ, ಗೊತ್ತು. ಗ್ಯಾಸು, ಬಾಡಿಗೆ, ತಿರುವೋ ಆಳಿನ ಸಂಬಳ, ಎಲ್ಲ ಆ 250ರಲ್ಲೇ ಇದೆ. ನನಗೆ ಅದರ ಬಗ್ಗೆ ಹೊಟ್ಟೆಕಿಚ್ಚಿಲ್ಲ. ಯಾರ್ಡಿನ ಚೀಲಕ್ಕಿಂತ ಜಾಸ್ತಿ ಕೊಟ್ಟು ತಗೊಳ್ತಿದ್ದಾರೆ, ಅದು ದೊಡ್ಡದು.

ಅವರೆಗೆ ಒಂದೇ ಷರತ್ತು ಹಾಕಿದೆ. ಸೊಗಡವರೆ ಡಿಸೆಂಬರಿಂದ ಫೆಬ್ರವರಿವರೆಗೆ, ಅವತ್ತಿನ ಮಾರ್ಕೆಟ್ ರೇಟಿಗೇ ಕೊಡ್ತೀನಿ. ಉಳಿದ ಕಾಲದಲ್ಲಿ ಬೇರೆಯವರ ಹತ್ರ ಯಾವ ಅವರೆಯಾದರೂ ತಗೊಳ್ಳಿ, ಆದರೆ ಆಗ ಬೋರ್ಡಲ್ಲಿ 'ಸೊಗಡವರೆ' ಅಂತ ಬರೀಬೇಡಿ. ಯಜಮಾನರು ಸ್ವಲ್ಪ ಹೊತ್ತು ಯೋಚನೆ ಮಾಡಿ, ಕಾರ್ಡ್ ಹಾಗೇ ಇರಲಿ, ಒಂದು ಸಣ್ಣ ಹಲಗೆ ಇಡ್ತೀನಿ, 'ಇವತ್ತಿನ ಸಾರು' ಅಂತ, ಪಕ್ಕದಲ್ಲಿ ಊರಿನ ಹೆಸರು ಹಾಕ್ತೀನಿ ಅಂದರು. ನಮ್ಮಕ್ಕನ ಮಗನ ಸ್ಪೇನ್ ಪ್ರವಾಸ ಅಷ್ಟಕ್ಕಾದರೂ ಬಂತು.

ಸೊಪ್ಪಿನ ವ್ಯವಹಾರ ನಮ್ಮನೆಯವಳದು. ನಾನು ಬಾಯಿ ಹಾಕಲಿಲ್ಲ. ದಂಟು, ಕೀರೆ, ಸಬ್ಬಸಿಗೆ ವಾರಕ್ಕೆ ಮೂರು ದಿನ, ಬೋರ್‌ವೆಲ್ ನೀರಿನದು. ಅದಕ್ಕಿಂತ ಮುಖ್ಯ, ಮಳೆ ಬಿದ್ದ ಮೇಲೆ ಬೆರಕೆ ಸೊಪ್ಪು. ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು, ಹೊನಗೊನ್ನೆ, ಗಣಿಕೆ. ಯಾರೂ ಬಿತ್ತದೆ ಬೆಳೆಯೋ ಸೊಪ್ಪು, ಯಾವ ಯಾರ್ಡಲ್ಲೂ ಚೀಲದಲ್ಲಿ ಸಿಗಲ್ಲ. ಕಳೆನಾಶಕ ಹೊಡೆದ ಹೊಲದಲ್ಲೂ ಇರಲ್ಲ. ನಮ್ಮಲ್ಲಿ ಅಕ್ಕಡಿ ಸಾಲು ಇನ್ನೂ ಇದೆ, ರಾಗಿ ಮಧ್ಯ ಅವರೆ, ತೊಗರಿ, ಸಾಸಿವೆ, ಹುಚ್ಚೆಳ್ಳು. ಹಾಗಾಗಿ ಕಳೆನಾಶಕ ಹೊಡೆಯೋಕೆ ಆಗೋದೇ ಇಲ್ಲ, ಹೊಡೆದರೆ ಅವರೆಯೂ ಹೋಗುತ್ತೆ. ಅದಕ್ಕೇ ಬೆರಕೆ ಸೊಪ್ಪು ಉಳಿದಿದೆ.

ಅವಳ ಷರತ್ತು ನನಗಿಂತ ಗಟ್ಟಿ. "ಕಟ್ಟಿನ ಲೆಕ್ಕ ಬೇಡ, ಕೆಜಿ ಲೆಕ್ಕ. ನಮ್ಮೂರ ಮೂರು ಜನ ಹೆಂಗಸರು ಬೆಳಗ್ಗೆ ಎರಡು ಗಂಟೆ ಹೊತ್ತು ಬಗ್ಗಿ ಕುಯ್ಯಬೇಕು, ಅವರ ಕೂಲಿ ರೇಟಲ್ಲೇ ಸೇರಬೇಕು. ಇನ್ನೊಂದು, ಸೊಪ್ಪು ಸೋಸೋಕೆ ಗೊತ್ತಿರೋರು ನಿಮ್ಮ ಅಡುಗೆ ಮನೇಲಿ ಯಾರಿದ್ದಾರೆ, ತೋರ್ಸಿ." ಒಳಗೆ ಕರೆದುಕೊಂಡು ಹೋದರು. ಅಲ್ಲಿ ಗೌರಿಬಿದನೂರು ಕಡೆಯ ಒಬ್ಬ ಅಜ್ಜಿ ಕೂತು ಈರುಳ್ಳಿ ಬಿಡಿಸ್ತಿದ್ದರು. ಇಬ್ಬರೂ ಹದಿನೈದು ನಿಮಿಷ ಸೊಪ್ಪಿನ ಹೆಸರು ಹೇಳ್ಕೊಂಡು ಮಾತಾಡಿದರು. ನಮ್ಮ ಕಡೆ ಒಂದು ಹೆಸರು, ಅವರ ಕಡೆ ಇನ್ನೊಂದು. ಹೊರಗೆ ಬಂದು, "ಆಯಮ್ಮ ಇರೋವರೆಗೂ ಕೊಡ್ತೀನಿ" ಅಂದಳು. ಹೋಟೆಲಿನ ಬೋರ್ಡಲ್ಲಿರೋ ಅಜ್ಜಿ ಬೇರೆ, ಇವರು ಬೇರೆ. ಇವರ ಫೋಟೋ ಎಲ್ಲೂ ಇಲ್ಲ.

ಇಲ್ಲಿಗೆ ಎಲ್ಲ ಸರಿಹೋಯ್ತು ಅನ್ನೋ ಹೊತ್ತಿಗೆ ಯಜಮಾನರು ಕೇಳಿದರು, "ಮುಂದಿನ ವರ್ಷಕ್ಕೂ ಮಾತು ಹಾಕ್ಕೊಳ್ಳೋಣ ಅಣ್ಣ?"

ಅದಕ್ಕೆ ನಾನು ಹೂಂ ಅನ್ನಲಿಲ್ಲ. ಗುತ್ತಿಗೆ ಹೊಲದವರು ದೀಪಾವಳಿಗೇ ಹೇಳಿದ್ದಾರೆ, ಇದೊಂದು ಬೆಳೆ ಮಾಡ್ಕೊಳ್ಳಿ ಅಂತ. ಪಕ್ಕದ ಹೊಲಕ್ಕೆ ಆಗಲೇ ಲೇಔಟ್ ಕಲ್ಲು ಬಿದ್ದಿದೆ, ಸುಣ್ಣ ಬಳಿದ ಗುರುತು ಕಲ್ಲುಗಳು ಸಾಲಾಗಿ ನಿಂತಿವೆ, ಈ ಸಲ ಅಲ್ಲಿ ರಾಗಿ ಬದಲು ಪಾರ್ಥೇನಿಯಂ. ಅವರನ್ನ ದೂರೋಕಾಗಲ್ಲ, ಮೂರು ಜನ ಮಕ್ಕಳು, ಸಾಲ, ಒಂದು ಎಕರೆಗೆ ಕೇಳೋ ರೇಟಿನ ಮುಂದೆ ರಾಗಿ ಎಷ್ಟು ತಲೆಮಾರು ಬೆಳೆದರೆ ಸಮ? ಆ ಮೂರು ಎಕರೆ ಹೋದರೆ ನನ್ನ ಹತ್ರ ಉಳಿಯೋದು ಎರಡು. ಇಪ್ಪತ್ತು ಕ್ವಿಂಟಾಲ್ ಅಂದುಕೊಂಡರೂ ಮನೆಗೆ ಆರು, ವರ್ಷದ ಗಿರಾಕಿಗಳಿಗೆ ಹತ್ತು. ಹೋಟೆಲಿಗೆ ಕೊಡೋದು ನಾಲ್ಕು, ಅಂದರೆ ಹದಿನಾರು ದಿನದ ಮುದ್ದೆ.

ದೇವನಹಳ್ಳಿ ಕಡೆ ಚನ್ನರಾಯಪಟ್ಟಣ ಹೋಬಳಿಯವರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತು, 13 ಹಳ್ಳಿಗಳ 1,777 ಎಕರೆ ಭೂಸ್ವಾಧೀನ ಕೈಬಿಡ್ತೀವಿ ಅಂತ 2025ರ ಜುಲೈ 15ಕ್ಕೆ ಮುಖ್ಯಮಂತ್ರಿಗಳ ಬಾಯಿಂದ ಹೇಳಿಸಿದರಲ್ಲ, ಆವಾಗ ನಾನು ಅದನ್ನ ಹೋರಾಟದ ಸುದ್ದಿಯಾಗಿ ಓದಿದ್ದೆ. ಆ ಬಿಲ್ ಪುಸ್ತಕದ ಹಿಂದೆ ಕೂತು ಅದನ್ನೂ ಒಂಬತ್ತರಿಂದ ಭಾಗಿಸಿದೆ. ಹೆಚ್ಚು ಕಮ್ಮಿ ಇನ್ನೂರು ಹೋಟೆಲಿನ ವರ್ಷದ ಮುದ್ದೆ. ಅಲ್ಲಿ ಬರೀ ರಾಗಿ ಬೆಳೆಯಲ್ಲ ಬಿಡಿ, ದ್ರಾಕ್ಷಿ ಇದೆ, ತರಕಾರಿ ಇದೆ, ಹೂವಿದೆ, ಅದು ಇನ್ನೂ ಜಾಸ್ತಿ ಬೆಲೆದು. ಆದರೆ ಸರ್ಕಾರ ಕೇಳಿದಾಗ ಬೇಡ ಅಂತ ಕೂರೋಕೆ ಜಾಗ ಇರುತ್ತೆ. ಬ್ರೋಕರ್ ಒಬ್ಬೊಬ್ಬರ ಮನೆಗೆ ಬೇರೆ ಬೇರೆ ಬಂದಾಗ ಎಲ್ಲಿ ಕೂರೋದು? ನಮ್ಮೂರಲ್ಲಿ ಆಗ್ತಿರೋದು ಅದು.

ಇದನ್ನ ಯಜಮಾನರಿಗೆ ಹೇಳಿದೆ. ಅವರ ಶೆಡ್ಡಿನ ಮಾಲೀಕರೂ ಜಾಗ ಮಾರೋ ಮಾತಾಡ್ತಿದ್ದಾರಂತೆ. ಇಬ್ಬರೂ ಸ್ವಲ್ಪ ಹೊತ್ತು ರೋಡ್ ನೋಡ್ಕೊಂಡು ಕೂತ್ವಿ. ಆಮೇಲೆ ಅವರೇ, "ಸರಿ ಅಣ್ಣ, ಈ ವರ್ಷದ ಮೂವತ್ತು ಕೊಡಿ. ಉಳಿದಿದ್ದಕ್ಕೆ ನಿಮ್ಮೂರಲ್ಲಿ ಇನ್ಯಾರು ಬೆಳೀತಾರೆ ಹೇಳಿ, ಅವರ ಮನೆಗೂ ನಾನೇ ಬರ್ತೀನಿ" ಅಂದರು. ನಾಲ್ಕು ಮನೆ ಹೇಳಿದ್ದೀನಿ. ಎರಡು ಮನೆಯವರು ಒಪ್ಪಿದ್ದಾರೆ. ಅದರಲ್ಲಿ ಒಬ್ಬರು ಹೊಲ ಕೊಡೋದಾ ಬೇಡವಾ ಅಂತ ತೂಗ್ತಿದ್ದವರು, ಈ ಮುಂಗಾರಿಗೂ ರಾಗಿ ಹಾಕ್ತೀನಿ ಅಂದಿದ್ದಾರೆ. 5,200ಕ್ಕೆ ಅಷ್ಟು ಶಕ್ತಿ ಇದೆಯೋ, ಅಥವಾ ಮನೆ ಬಾಗಿಲಿಗೆ ಬಂದು ಕೇಳಿದ್ದಕ್ಕೋ, ನನಗೆ ಇನ್ನೂ ಅಂದಾಜಾಗಿಲ್ಲ.

ಊಟದ ಬಿಲ್ 870 ರೂಪಾಯಿ. ತಗೊಳ್ಳಲ್ಲ ಅಂದರು. ಊಟದ ದುಡ್ಡು ಬೇರೆ, ರಾಗಿ ದುಡ್ಡು ಬೇರೆ ಅಂತ ಕೊಟ್ಟೇ ಬಂದ್ವಿ.

ಮೊದಲ ಆರು ಚೀಲ ರಾಗಿ ಬುಧವಾರ ಇಳಿಸಿ ಬಂದೆ, ದುಡ್ಡು ಅಲ್ಲೇ ಕೊಟ್ಟರು. ಹಲಗೆ ಇನ್ನೂ ಬಂದಿಲ್ಲ, ಬಡಗಿಗೆ ಹೇಳಿದ್ದಾರಂತೆ. ಸೊಗಡವರೆ ನಮ್ಮಲ್ಲಿ ಇನ್ನು ಮೂರು ಕೊಯ್ಲು ಇದೆ, ಫೆಬ್ರವರಿ ಎರಡನೇ ವಾರಕ್ಕೆ ಮುಗಿಯುತ್ತೆ. ಯಲಹಂಕ, ವಿದ್ಯಾರಣ್ಯಪುರ, ಕೊಡಿಗೇಹಳ್ಳಿ ಕಡೆಯವರು ಬೇಕಿದ್ದರೆ ಮೆಸೇಜ್ ಮಾಡಿ, ಮಂಗಳವಾರ ಶುಕ್ರವಾರ ಆ ಕಡೆ ಬರ್ತೀನಿ. ಕಾಯಿ ಮಾತ್ರ, ಬಿಡಿಸಿದ ಕಾಳು ಇಲ್ಲ. ಬಿಡಿಸೋಕೆ ನಮ್ಮ ಮನೇಲೂ ಜನ ಇಲ್ಲ.